ಡೇಟಾ ಕೇಳಿದರೆ ಯಾರೂ ಕೊಡಲ್ಲ, ಸರಿ. ಬೇರೆ ಏನು ಕೇಳಬೇಕು?

ಓದುಗರ ಪ್ರಶ್ನೆ: ನಾನು ಕೊಪ್ಪಳ ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಸಿವಿಲ್ ವಿಭಾಗದ ಉಪನ್ಯಾಸಕಿ. ನದಿಯಲ್ಲಿ ದೊಡ್ಡ ನೀರು ಬಂದರೆ ಕರೆಂಟು, ಕುಡಿಯುವ ನೀರು, ಆಸ್ಪತ್ರೆ, ರಸ್ತೆ, ಮೊಬೈಲ್ ಟವರ್ ಇವೆಲ್ಲ ಒಂದರಿಂದ ಇನ್ನೊಂದು ಹೇಗೆ ಕೆಡುತ್ತವೆ ಅಂತ ತೋರಿಸುವ ಒಂದು ಕಂಪ್ಯೂಟರ್ ಮಾಡೆಲ್ ಮಾಡಲು ಹೊರಟಿದ್ದೇವೆ. ಜಿಲ್ಲಾಡಳಿತದ ಒಪ್ಪಿಗೆಯೂ ಇದೆ. ಆದರೆ ಆರು ತಿಂಗಳಾಯಿತು, ಇಲಾಖೆಗಳಿಂದ ನಕ್ಷೆ, ಅಂಕಿಅಂಶ ಬರುತ್ತಿಲ್ಲ. 'ಮೇಲಿನವರನ್ನು ಕೇಳಿ' ಅಂತಾರೆ, ಇಲ್ಲವೇ 'ಇದು ಗೋಪ್ಯ' ಅಂತಾರೆ. ಖಾಸಗಿ ಕಂಪನಿಗಳು ಉತ್ತರವನ್ನೇ ಕೊಡಲ್ಲ. ಎರಡು ಸಭೆ ಕರೆದೆವು, ಟೀ ಕುಡಿದು ಹೋದರು. ಎಲ್ಲರನ್ನೂ ಒಂದು ಮೇಜಿಗೆ ತರುವುದು ಹೇಗೆ? ಯಾವ ಸಾಫ್ಟ್‌ವೇರ್ ಬಳಸಬೇಕು? ನಮ್ಮ ವಿದ್ಯಾರ್ಥಿಗಳು ಇದರಲ್ಲಿ ಏನು ಮಾಡಬಹುದು?

ಉತ್ತರ:

ಮೇಡಂ, ಮೊದಲು ಆ ಪತ್ರಗಳನ್ನು ನಿಲ್ಲಿಸಿ. 'ನಿಮ್ಮ ಜಾಲದ ಸಂಪೂರ್ಣ ನಕ್ಷೆ ಮತ್ತು ವಿವರ ಒದಗಿಸಬೇಕಾಗಿ ಕೋರಿಕೆ' ಅಂತ ಪತ್ರ ಬಂದರೆ ಯಾವ ಎಂಜಿನಿಯರ್ ಆದರೂ ಅದನ್ನು ಫೈಲಿಗೆ ಹಾಕಿ ಸುಮ್ನೆ ಕೂರುತ್ತಾರೆ. ಕೊಟ್ಟರೆ ಅವರಿಗೆ ಸಿಗುವುದೇನೂ ಇಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ ಮಾತ್ರ ಅವರ ಸಹಿ ಹುಡುಕುತ್ತಾರೆ. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಇಂಥ ಕೆಲಸಗಳಲ್ಲಿ ವರ್ಷಗಟ್ಟಲೆ ಕೂತು ನನಗೆ ಖಾತ್ರಿಯಾದದ್ದು ಇಷ್ಟು: ನಿಮ್ಮ ಬಳಿ ಏನಿದೆ ಅಂತ ಕೇಳಿದರೆ ಜನ ಬಾಯಿ ಮುಚ್ಚುತ್ತಾರೆ. ನಿಮಗೆ ಬೇರೆಯವರಿಂದ ಏನು ಬೇಕು, ಅದು ನಿಂತರೆ ಎಷ್ಟು ಹೊತ್ತು ತಡೆಯುತ್ತೀರಿ ಅಂತ ಕೇಳಿ, ಮಾತು ನಿಲ್ಲುವುದಿಲ್ಲ. ಮೊದಲ ಪ್ರಶ್ನೆ ಅವರ ಆಸ್ತಿಯನ್ನು ಕೇಳುತ್ತದೆ. ಎರಡನೆಯದು ಅವರ ಕಷ್ಟವನ್ನು ಕೇಳುತ್ತದೆ. ಕಷ್ಟ ಹೇಳಿಕೊಳ್ಳಲು ಯಾರಿಗೂ ಮೇಲಿನವರ ಅನುಮತಿ ಬೇಡ, ಅಲ್ವಾ? ನಿಮ್ಮ ಮಾಡೆಲ್‌ಗೆ ಬೇಕಾದದ್ದೂ ಅದೇ. ಕರೆಂಟು ಕೊಡುವ ಗೆಸ್ಕಾಂನ ಪ್ರತಿ ಕಂಬದ ಜಾಗ ತಿಳಿದು ನೀವು ಏನು ಮಾಡುತ್ತೀರಿ? ಯಾವ ಫೀಡರ್ (ಸ್ಟೇಷನ್‌ನಿಂದ ಒಂದು ಭಾಗಕ್ಕೆ ಹೋಗುವ ಕರೆಂಟಿನ ಲೈನ್) ಹೋದರೆ ಯಾವ ಪಂಪು ನಿಲ್ಲುತ್ತದೆ ಅನ್ನುವುದು ತಿಳಿದರೆ ಮುಕ್ಕಾಲು ಕೆಲಸ ಮುಗಿಯಿತು.

ಇನ್ನೊಂದು, ಇಡೀ ಜಿಲ್ಲೆಯನ್ನು ಒಟ್ಟಿಗೆ ಹಿಡಿಯಬೇಡಿ. ಒಂದು ಜಾಗ, ಒಂದು ಘಟನೆ, ಯಾರೋ ಒಬ್ಬರು ತೆಗೆದುಕೊಳ್ಳಬೇಕಾದ ಒಂದು ತೀರ್ಮಾನ. ಅಲ್ಲಿಂದ ಶುರು ಮಾಡಿ. ನಿಮ್ಮ ಕಡೆಗೆ ನಾನಾದರೆ ತುಂಗಭದ್ರೆಯ ಮೇಲಿನ ಕಂಪ್ಲಿ ಸೇತುವೆ ಆರಿಸುತ್ತೇನೆ.

ಆ ಸೇತುವೆ ನಿಮಗೆ ಗೊತ್ತೇ ಇದೆ. ಒಂದು ತುದಿ ಬಳ್ಳಾರಿ ಜಿಲ್ಲೆ, ಇನ್ನೊಂದು ತುದಿ ಕೊಪ್ಪಳ ಜಿಲ್ಲೆ. ತುಂಗಭದ್ರಾ ಡ್ಯಾಂನಿಂದ ಹೊರಹರಿವು ಲಕ್ಷ ಕ್ಯೂಸೆಕ್ (ಸೆಕೆಂಡಿಗೆ ಲಕ್ಷ ಘನ ಅಡಿ) ದಾಟಿತು ಅಂದರೆ ಹಂಪಿಯ ಪುರಂದರ ಮಂಟಪದ ಫೋಟೋ ಎಲ್ಲರ ಮೊಬೈಲಿಗೆ ಬರುತ್ತದೆ, ಕಂಪ್ಲಿಯವರ ಕಣ್ಣು ಸೇತುವೆ ಮೇಲೆ ಇರುತ್ತದೆ. ನೀರು ಇನ್ನೂ ಏರಿದರೆ ಗಂಗಾವತಿ ಕಡೆ ಓಡಾಟ ಬಂದ್. ಆಗ ಕಡೇಬಾಗಿಲು–ಬುಕ್ಕಸಾಗರ ಸೇತುವೆ ಮೇಲೆ ಹೋಗಬೇಕು, ಇಲ್ಲವೇ ಹೊಸಪೇಟೆ ಸುತ್ತಬೇಕು. ನೀರು ಎಲ್ಲಿಗೆ ಬಂದರೆ ಪೊಲೀಸರು ಬ್ಯಾರಿಕೇಡ್ ಇಡುತ್ತಾರೆ ಅನ್ನುವುದು ದಡದ ಟೀ ಅಂಗಡಿಯವರಿಗೂ ಗೊತ್ತು. ಆದರೆ ಈ ತಿಳಿವಳಿಕೆ ಯಾವ ಮಾಡೆಲ್‌ನಲ್ಲೂ ಇರುವುದಿಲ್ಲ. ಯಾಕೆ ಅಂದರೆ ಡ್ಯಾಂ ಒಬ್ಬರದು, ಸೇತುವೆ ಇನ್ನೊಬ್ಬರದು, ಬ್ಯಾರಿಕೇಡ್ ಮತ್ತೊಬ್ಬರದು, ಆಂಬುಲೆನ್ಸ್ ಮಗದೊಬ್ಬರದು.

ಈಗ ಒಂದು ಸಂಜೆಯನ್ನು ಊಹಿಸಿಕೊಳ್ಳೋಣ. ನದಿದಂಡೆಯ ಒಂದು ಸಣ್ಣ ಪಟ್ಟಣ. ಹೆಸರು ಬೇಡ, ಅಂಕಿಗಳೂ ಲೆಕ್ಕಕ್ಕಾಗಿ ನಾನೇ ಹಾಕಿದವು.

ಸಂಜೆ ಆರು ಗಂಟೆ. ನದಿ ನೀರು ಗದ್ದೆಗೆ ನುಗ್ಗುತ್ತಿದೆ. ದಡದ ಪಂಪ್‌ಸೆಟ್‌ಗಳೂ ಟಿಸಿಗಳೂ (ಟ್ರಾನ್ಸ್‌ಫಾರ್ಮರ್‌ಗಳೂ) ಮುಳುಗುವ ಹಾಗಿವೆ. ಯಾರಿಗಾದರೂ ಶಾಕ್ ಹೊಡೆದೀತು ಅಂತ ಸೆಕ್ಷನ್ ಆಫೀಸರ್ ಆ ಫೀಡರ್ ತೆಗೆಸುತ್ತಾರೆ. ಸರಿಯಾದ ಕೆಲಸವೇ. ಆದರೆ ಪಟ್ಟಣಕ್ಕೆ ನೀರೆತ್ತುವ ಜಾಕ್‌ವೆಲ್, ಮೊಬೈಲ್ ಟವರ್, ತಾಲ್ಲೂಕು ಆಸ್ಪತ್ರೆ ಕೂಡ ಅದೇ ಫೀಡರ್ ಮೇಲಿವೆ. ಪುರಸಭೆಯ ವಾಟರ್‌ಮನ್‌ಗೆ ಗಾಬರಿ ಇಲ್ಲ. ಓವರ್‌ಹೆಡ್ ಟ್ಯಾಂಕ್ ತುಂಬಿದೆ, ಬೆಳಗಿನ ಸರದಿಗೆ ಸಾಕು. ಮೊಬೈಲ್ ಟವರ್‌ನವರಿಗೂ ಗಾಬರಿ ಇಲ್ಲ. ಬ್ಯಾಟರಿ ಆರು ತಾಸು ಬರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಜನರೇಟರ್ ಇದೆ. 200 ಲೀಟರ್ ಡ್ರಮ್, ತಾಸಿಗೆ 15 ಲೀಟರ್ ಕುಡಿಯುತ್ತದೆ, ಹದಿಮೂರು ತಾಸು ನಡೆಯುತ್ತದೆ. ಎಲ್ಲರೂ 'ನಮ್ದು ವ್ಯವಸ್ಥೆ ಇದೆ ಸಾರ್' ಅಂತಾರೆ. ಒಬ್ಬೊಬ್ಬರದೇ ನೋಡಿದರೆ ನಿಜವೇ ಹೇಳುತ್ತಿದ್ದಾರೆ.

ಮೂರನ್ನೂ ಒಂದೇ ಗಡಿಯಾರದ ಮೇಲೆ ಇಡಿ. ರಾತ್ರಿ ಹನ್ನೆರಡಕ್ಕೆ ಟವರ್ ಸತ್ತಿತು. ಫೀಡರ್ ಚಾರ್ಜ್ ಮಾಡಬಹುದಾ ಅಂತ ಲೈನ್‌ಮನ್‌ಗೆ ಫೋನ್ ಮಾಡಿದರೆ ಹೋಗಲ್ಲ. ಬೆಳಗ್ಗೆ ಏಳಕ್ಕೆ ಆಸ್ಪತ್ರೆಯ ಡೀಸೆಲ್ ಮುಗಿಯಿತು. ಅದೇ ಹೊತ್ತಿಗೆ ಟ್ಯಾಂಕ್ ನೀರೂ ಮುಗಿಯಿತು, ಆಸ್ಪತ್ರೆಗೂ ಅದೇ ಟ್ಯಾಂಕ್. ಊರಿನ ಬಂಕ್‌ನಲ್ಲಿ ಡೀಸೆಲ್ ಇದೆಯಾ? ಟ್ಯಾಂಕರ್ ಬರಬೇಕಿರುವುದು ನದಿಯ ಆಚೆಯಿಂದ, ಸೇತುವೆ ರಾತ್ರಿಯೇ ಬಂದ್ ಆಗಿದೆ. ಸಂಜೆ ಆರಕ್ಕೆ ಒಂದು ಫೀಡರ್ ತೆಗೆದದ್ದು ಬೆಳಗ್ಗೆ ಏಳಕ್ಕೆ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತಿತು. ನಡುವೆ ಹದಿಮೂರು ತಾಸು ಯಾರಿಗೂ ಏನೂ ಕಾಣಲಿಲ್ಲ. ಮದುವೆ ಮನೆಯಲ್ಲಿ ಸಿಲಿಂಡರ್ ಯಾರೋ ತಂದಿರುತ್ತಾರೆ ಅಂತ ಪ್ರತಿಯೊಬ್ಬರೂ ಇನ್ನೊಬ್ಬರನ್ನು ನಂಬಿ ಕೂತ ಹಾಗೆ.

ಈ ಕಥೆಗೆ ಬೇಕಾದ ಮಾಹಿತಿ ಎಷ್ಟು ನೋಡಿ. ಆರೇಳು ಸಾಲು. ಗೋಪ್ಯ ಅನ್ನುವಂಥದ್ದು ಒಂದೂ ಇಲ್ಲ. ಜಾಕ್‌ವೆಲ್ ಯಾವ ಫೀಡರ್, ಟ್ಯಾಂಕ್ ಎಷ್ಟು ತಾಸು, ಬ್ಯಾಟರಿ ಎಷ್ಟು ತಾಸು, ಡ್ರಮ್ ಎಷ್ಟು ಲೀಟರ್, ಟ್ಯಾಂಕರ್ ಯಾವ ದಾರಿ. ಇದನ್ನು ಹೇಳಬಲ್ಲ ಐದು ಜನರನ್ನು ಒಂದು ಕೋಣೆಯಲ್ಲಿ ಕೂರಿಸಿ, ಗೋಡೆಗೆ ದೊಡ್ಡ ಹಾಳೆ ಅಂಟಿಸಿ, 'ಈಗ ಸಂಜೆ ಆರು ಗಂಟೆ, ಫೀಡರ್ ತೆಗೆದರು, ನಿಮಗೆ ಏನಾಯಿತು?' ಅಂತ ಕೇಳುತ್ತಾ ಹೋಗಿ. ಪ್ರತಿಯೊಬ್ಬರ ಉತ್ತರವನ್ನೂ ತಾಸಿನ ಲೆಕ್ಕದಲ್ಲಿ ಬರೆಯಿರಿ. ಸ್ವಲ್ಪ ಹೊತ್ತಿಗೆ ನೀವು ಕೇಳುವುದೇ ಬೇಡ. ವಾಟರ್‌ಮನ್ ಲೈನ್‌ಮನ್ ಕಡೆ ತಿರುಗಿ, 'ಅಣ್ಣಾ, ಜಾಕ್‌ವೆಲ್‌ಗೆ ಬೇರೆ ಲೈನ್ ಯಾಕೆ ಕೊಡಬಾರದು?' ಅಂತಾನೆ. ನಿಮ್ಮ ಮೊದಲ ಮಾಡೆಲ್ ಅದೇ ಹಾಳೆ. ಕಂಪ್ಯೂಟರ್ ಆಮೇಲೆ.

ಸುಮ್ನೆ ಹೆದರಿಸಲು ಇದನ್ನು ಹೇಳುತ್ತಿಲ್ಲ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಇದೇ ದೊಡ್ಡ ಪ್ರಮಾಣದಲ್ಲಿ ನಡೆಯಿತು. ವಿಪರೀತ ಚಳಿ, ವಿದ್ಯುತ್ ಸಾಲದೆ ಬಂತು. ಗ್ರಿಡ್ ಉಳಿಸಲು ಸರದಿಯಲ್ಲಿ ಫೀಡರ್‌ಗಳನ್ನು ತೆಗೆದರು. ಆ ಫೀಡರ್‌ಗಳ ಮೇಲೆ ನೈಸರ್ಗಿಕ ಅನಿಲದ ಬಾವಿಗಳೂ ಅನಿಲ ತಳ್ಳುವ ಕಂಪ್ರೆಸರ್‌ಗಳೂ ಇದ್ದವು. ಅವು ನಿಂತವು. ಅನಿಲ ಕಡಿಮೆಯಾಯಿತು. ಅನಿಲದಿಂದಲೇ ನಡೆಯುವ ವಿದ್ಯುತ್ ಸ್ಥಾವರಗಳು ಇನ್ನಷ್ಟು ಕುಸಿದವು. 'ನಮ್ಮದು ಕತ್ತರಿಸಬಾರದ ಲೋಡ್' ಅಂತ ತಿಳಿಸಲು ಒಂದು ಅರ್ಜಿ ನಮೂನೆ ಇತ್ತು. ಎಷ್ಟೋ ಅನಿಲ ಕಂಪನಿಗಳು ಅದನ್ನು ತುಂಬಿಯೇ ಇರಲಿಲ್ಲ. 200ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ದೊಡ್ಡ ರಾಜ್ಯದಲ್ಲಿ ಸಾಫ್ಟ್‌ವೇರ್‌ಗೆ ಕೊರತೆ ಇತ್ತು ಅಂತೀರಾ? ಅನಿಲದವರೂ ವಿದ್ಯುತ್ತಿನವರೂ ಕೂತು ಒಂದು ಪಟ್ಟಿ ಸರಿಮಾಡಿಕೊಂಡಿರಲಿಲ್ಲ.

ಇನ್ನು ಯಾರನ್ನು ಕರೆಯಬೇಕು ಅನ್ನುವ ವಿಷಯ. ನೀವು ಕರೆದ ಎರಡು ಸಭೆಗಳಿಗೆ ಯಾರು ಬಂದಿದ್ದರು ಅಂತ ಬರೆದಿಲ್ಲ. ಊಹಿಸಬಲ್ಲೆ. ಇಲಾಖೆ ಮುಖ್ಯಸ್ಥರಿಗೆ ಆಹ್ವಾನ ಹೋಗಿರುತ್ತದೆ, ಅವರು ತಮ್ಮ ಬದಲಿಗೆ ಯಾರನ್ನೋ ಕಳಿಸಿರುತ್ತಾರೆ, ಬಂದವರಿಗೆ ಮಾತಾಡುವ ಅಧಿಕಾರವೂ ಇಲ್ಲ, ಮಾಹಿತಿಯೂ ಇಲ್ಲ. ಮುಖ್ಯಸ್ಥರಿಂದ ನಿಮಗೆ ಬೇಕಾದದ್ದು ಒಂದೇ ಸಾಲಿನ ಒಪ್ಪಿಗೆ: 'ನಮ್ಮ ಸಿಬ್ಬಂದಿ ಹೋಗಿ ಮಾತಾಡಲಿ.' ಮೇಜಿಗೆ ಬೇಕಾದವರು ಬೇರೆ. ವಿದ್ಯುತ್ ಸ್ಟೇಷನ್‌ನಲ್ಲಿ ರಾತ್ರಿ ಪಾಳಿ ಮಾಡುವ ಆಪರೇಟರ್, ಲೈನ್‌ಮನ್, ಬಹುಗ್ರಾಮ ಕುಡಿಯುವ ನೀರಿನ ಯೋಜನೆಯ ಪಂಪ್ ಆಪರೇಟರ್, ಕಾಲುವೆಯಿಂದ ಹೊಲಗಳಿಗೆ ನೀರು ಬಿಡುವ ನೀರಗಂಟಿ, 108ರ ಡ್ರೈವರ್, ಟವರ್‌ಗಳಿಗೆ ಡೀಸೆಲ್ ಹಾಕುವ ಗುತ್ತಿಗೆ ಹುಡುಗ. ಇವರಿಗೆ ಒಂದು ದಿನದ ಪಗಾರ ಕಟ್ ಆಗದ ಹಾಗೆ ನೋಡಿಕೊಳ್ಳಿ, ಊಟ ಹಾಕಿಸಿ. ಆದರೆ ಎಇಇಗಳನ್ನು (ಇವರ ಮೇಲಿನ ಎಂಜಿನಿಯರ್‌ಗಳನ್ನು) ಅದೇ ಕೋಣೆಯಲ್ಲಿ ಕೂರಿಸಬೇಡಿ. ಸಾಹೇಬರ ಎದುರಿಗೆ 'ಆ ಜನರೇಟರ್ ಹೋದ ವರ್ಷದಿಂದ ಸ್ಟಾರ್ಟ್ ಆಗಿಲ್ಲ' ಅಂತ ಯಾರು ಹೇಳುತ್ತಾರೆ? ಸಾಹೇಬರಿಗೆ ಮಧ್ಯಾಹ್ನದ ಮೇಲೆ ಬೇರೆ ಸಭೆ ಇಡಿ. ಬೆಳಗಿನ ಹಾಳೆಯನ್ನು, ಯಾರು ಹೇಳಿದ್ದು ಅನ್ನುವುದನ್ನು ಬಿಟ್ಟು, ಅವರ ಮುಂದೆ ಹರಡಿ.

ನೀರಗಂಟಿ ಯಾಕೆ ಅಂತ ಕೇಳಬಹುದು. ತುಂಗಭದ್ರಾ ಎಡದಂಡೆ ಕಾಲುವೆ ಮುನಿರಾಬಾದ್‌ನಿಂದ ಹೊರಟು 227 ಕಿಲೋಮೀಟರ್ ಹೋಗುತ್ತದೆ. ಕೊನೆ ಭಾಗದ ಮಾನ್ವಿ, ಸಿರವಾರ, ರಾಯಚೂರು ಕಡೆಯ ರೈತರಿಗೆ ನೀರು ಮುಟ್ಟದಿದ್ದಾಗ ಏನಾಗುತ್ತದೆ? ಕಾಲುವೆ ದಂಡೆಯಲ್ಲಿ ನಿಷೇಧಾಜ್ಞೆ ಬರುತ್ತದೆ, ಅಕ್ರಮವಾಗಿ ನೀರೆತ್ತುವುದನ್ನು ತಡೆಯಲು ಮೇಲ್ಭಾಗದ ಪಂಪ್‌ಸೆಟ್‌ಗಳ ಕರೆಂಟು ತೆಗೆಯುತ್ತಾರೆ. ಇಲ್ಲಿ ಯಾವ ತಂತಿಯೂ ತುಂಡಾಗಿಲ್ಲ, ಯಾವ ಪೈಪೂ ಒಡೆದಿಲ್ಲ. ಒಂದು ಆದೇಶದಿಂದ ನೀರಿನ ಸಮಸ್ಯೆ ಕರೆಂಟಿನ ಸಮಸ್ಯೆ ಆಯಿತು. ಆ ಲೈನಿನ ಮೇಲೆ ಯಾವುದೋ ಹಳ್ಳಿಯ ಕುಡಿಯುವ ನೀರಿನ ಮೋಟಾರೂ ಇದ್ದರೆ? ಇದು ಎಂಜಿನಿಯರಿಂಗ್ ನಕ್ಷೆಯಲ್ಲಿ ಕಾಣಲ್ಲ, ನೀರಗಂಟಿಗೆ ಗೊತ್ತಿರುತ್ತದೆ. 2001ರಲ್ಲಿ ರಿನಾಲ್ಡಿ, ಪೀರೆನ್‌ಬೂಮ್, ಕೆಲ್ಲಿ ಅನ್ನುವ ಮೂವರು ಅಮೆರಿಕದವರು ಇಂಥ ಅವಲಂಬನೆಗಳನ್ನು ನಾಲ್ಕಾಗಿ ವಿಂಗಡಿಸಿದರು. ಪಂಪಿಗೆ ಕರೆಂಟು ಬೇಕು, ಅದು ಭೌತಿಕ. ಪಂಪನ್ನು ನಡೆಸಲು ಸಿಗ್ನಲ್ ಬೇಕು, ಅದು ಮಾಹಿತಿಯದು. ಪೈಪೂ ಕೇಬಲ್ಲೂ ಒಂದೇ ಸೇತುವೆ ಮೇಲೆ ಹೋಗುತ್ತವೆ, ಅದು ಜಾಗದ್ದು. ನಾಲ್ಕನೆಯದು ಹೀಗೆ ಆದೇಶ, ಬೆಲೆ, ಜನರ ನಡವಳಿಕೆಯಿಂದ ಹುಟ್ಟುವಂಥದ್ದು. ಮೊದಲ ಮೂರನ್ನು ನಿಮ್ಮ ವಿದ್ಯಾರ್ಥಿಗಳು ಓಡಾಡಿ ಹುಡುಕಬಹುದು. ನಾಲ್ಕನೆಯದಕ್ಕೆ ಮೇಜು ಬೇಕೇ ಬೇಕು.

ಖಾಸಗಿಯವರ ಬಗ್ಗೆ ಕೇಳಿದ್ದೀರಿ. 2021ರ ಕೋವಿಡ್ ಎರಡನೇ ಅಲೆ ನೆನಪಿದೆಯಲ್ಲ. ಆಸ್ಪತ್ರೆಗಳಿಗೆ ಆಮ್ಲಜನಕ ಎಲ್ಲಿಂದ ಬಂತು? ತೋರಣಗಲ್ಲಿನ ಜಿಂದಾಲ್ ಉಕ್ಕಿನ ಕಾರ್ಖಾನೆಯ ಆಮ್ಲಜನಕ ಘಟಕಗಳಿಂದ ಟ್ಯಾಂಕರ್‌ಗಳು ಹೊರಟವು. ಕಾರ್ಖಾನೆ ಪಕ್ಕದಲ್ಲೇ ತಾತ್ಕಾಲಿಕ ಆಸ್ಪತ್ರೆಯನ್ನೂ ಕಟ್ಟಿದರು. ಅದಕ್ಕೂ ಹಿಂದೆ 'ಆಸ್ಪತ್ರೆಯ ಐಸಿಯು ಉಕ್ಕಿನ ಕಾರ್ಖಾನೆಯ ಮೇಲೆ ನಿಂತಿದೆ' ಅಂತ ಯಾರಾದರೂ ಗೆರೆ ಎಳೆದಿದ್ದರೆ ಜನ ನಗುತ್ತಿದ್ದರು. ಆ ಕಾರ್ಖಾನೆಗೂ ನೀರು ಬೇಕು, ಕರೆಂಟು ಬೇಕು, ಅದಿರು ತರಲು ರೈಲು ಬೇಕು. ಊರಿಗೆ ಬಂದವಳು ನೀರಿಗೆ ಬಾರದಿರುವಳೇ ಅನ್ನುವ ಹಾಗೆ, ನಮ್ಮ ಭಾಗದಲ್ಲಿ ಯಾವ ಗೆರೆ ಹಿಡಿದು ಹೊರಟರೂ ಕೊನೆಗೆ ತುಂಗಭದ್ರೆಗೋ ಕೃಷ್ಣೆಗೋ ಮುಟ್ಟುತ್ತದೆ. ಕಂಪನಿಗಳಿಗೆ 'ಸಮಾಜಸೇವೆ' ಅಂತ ಪತ್ರ ಬರೆದರೆ ಅದು ಸಿಎಸ್‌ಆರ್ ವಿಭಾಗಕ್ಕೆ ಹೋಗಿ ಅಲ್ಲೇ ಮಲಗುತ್ತದೆ. ಅದರ ಬದಲು ಅವರ ಸ್ಥಾವರ ನಿರ್ವಹಣೆಯವರಿಗೆ ಒಂದು ಪ್ರಶ್ನೆ ಕಳಿಸಿ: ನದಿಯಲ್ಲಿ ಇಷ್ಟು ನೀರು ಬಂದು ಇಂಥ ರಸ್ತೆ ಮೂರು ದಿನ ಬಂದ್ ಆದರೆ ನಿಮ್ಮ ಪಾಳಿ ಜನ ಕೆಲಸಕ್ಕೆ ಹೇಗೆ ಬರುತ್ತಾರೆ? ಉತ್ತರ ಬರುತ್ತದೆ. ಆ ಚಿಂತೆ ಅವರಿಗೂ ಇರುತ್ತದೆ.

ಗೋಪ್ಯತೆಯ ಮಾತು ನೆಪ ಮಾತ್ರ ಅಂದುಕೊಳ್ಳಬೇಡಿ. ಯಾವ ಸ್ಟೇಷನ್ ಹೋದರೆ ಎಷ್ಟು ಊರು ಕತ್ತಲಾಗುತ್ತದೆ ಅನ್ನುವ ಪಟ್ಟಿ ಕೆಟ್ಟವರ ಕೈಗೆ ಸಿಗಬಾರದು. ದೇಶದಲ್ಲಿ ಇಂಥ ಮಾಹಿತಿ ವ್ಯವಸ್ಥೆಗಳನ್ನು ಕಾಯಲೆಂದೇ 2014ರಿಂದ ಒಂದು ರಾಷ್ಟ್ರೀಯ ಕೇಂದ್ರ ಇದೆ. ಹಾಗಾಗಿ ನಿಮ್ಮ ಕಡೆಯಿಂದಲೇ ಮೊದಲು ನಿಯಮ ಹೇಳಿಬಿಡಿ. ಸೈಬರ್ ಭದ್ರತೆಯವರು ಟ್ರಾಫಿಕ್ ಲೈಟಿನ ಬಣ್ಣ ಬಳಸುತ್ತಾರೆ, ಅದನ್ನೇ ಎರವಲು ತನ್ನಿ. ಕೆಂಪು ಅಂದರೆ ಈ ಕೋಣೆ ಬಿಟ್ಟು ಹೊರಗೆ ಹೋಗಲ್ಲ, ಬರೆದುಕೊಳ್ಳುವುದೂ ಇಲ್ಲ. ಹಳದಿ ಅಂದರೆ ತಿಳಿಯಲೇಬೇಕಾದವರಿಗೆ ಮಾತ್ರ. ಹಸಿರು ಅಂದರೆ ಭಾಗವಹಿಸಿದ ಎಲ್ಲ ಸಂಸ್ಥೆಗಳಿಗೂ. ಮಾಹಿತಿ ಕೊಟ್ಟವರೇ ಬಣ್ಣ ಹಾಕಲಿ, ನೀವು ಹಾಕಬೇಡಿ. ಎಷ್ಟೋ ಸಲ ನಿಮಗೆ ನಕ್ಷೆಯೇ ಬೇಕಾಗಲ್ಲ. ನೀವು ಮುಳುಗುವ ಜಾಗಗಳ ನಕ್ಷೆಯನ್ನು ಅವರಿಗೆ ಕೊಡಿ, ಅವರು ತಮ್ಮ ಕಚೇರಿಯಲ್ಲೇ ತಮ್ಮ ನಕ್ಷೆಯ ಮೇಲಿಟ್ಟು ನೋಡಿ 'ಮೂರು ಟವರ್ ಹೋಗುತ್ತವೆ, ಒಂದು ಫೈಬರ್ ಲೈನ್ ಹೋಗುತ್ತದೆ' ಅಂತ ಉತ್ತರ ಮಾತ್ರ ಹೇಳಲಿ. ಮಾಹಿತಿ ಅವರ ಬಳಿಯೇ ಉಳಿಯಿತು, ನಿಮ್ಮ ಕೆಲಸವೂ ಆಯಿತು. ಟೆಲಿಕಾಂ ಕಂಪನಿಗಳ ಹತ್ತಿರ ನಡೆಯುವುದು ಬಹುಮಟ್ಟಿಗೆ ಈ ದಾರಿ ಒಂದೇ.

ಕಾಯ್ದೆಯ ಬಲವೂ ಇದೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಡಿಸಿ ಅಧ್ಯಕ್ಷರಾಗಿರುವ ಜಿಲ್ಲಾ ಪ್ರಾಧಿಕಾರ ಮಾಹಿತಿ ಕೇಳಬಹುದು. ಅದನ್ನು ಜೇಬಿನಲ್ಲಿ ಇಟ್ಟುಕೊಂಡಿರಿ, ಮೇಜಿನ ಮೇಲೆ ಇಡಬೇಡಿ. ನೋಟಿಸ್ ಕೊಟ್ಟು ತರಿಸಿದ ಮಾಹಿತಿ ಹಳೆಯದಾಗಿರುತ್ತದೆ, ಅರ್ಧವಾಗಿರುತ್ತದೆ, ಅದನ್ನು ವಿವರಿಸಲು ಯಾರೂ ಫೋನ್ ಎತ್ತಲ್ಲ.

ಮಾಹಿತಿ ಬಂದ ಮೇಲೆ ಇನ್ನೊಂದು ತಲೆನೋವು ಶುರುವಾಗುತ್ತದೆ. ಇಬ್ಬರ ಲೆಕ್ಕ ಕೂಡಲ್ಲ. ನಮ್ಮ ಡ್ಯಾಂ ತೆಗೆದುಕೊಳ್ಳಿ. 1953ರಲ್ಲಿ ಅದರ ಸಾಮರ್ಥ್ಯ 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ). ಹೂಳು ತುಂಬಿತು. 2008ರ ಸರ್ವೆ 100.855 ಅಂದಿತು. 2016ರ ಸರ್ವೆ 105.788 ಅಂದಿತು. ಎರಡು ಸರ್ವೆ ನಡುವೆ ಸುಮಾರು ಐದು ಟಿಎಂಸಿ. ಮೂರು ರಾಜ್ಯ ಹಂಚಿಕೊಳ್ಳುವ ನೀರಿನಲ್ಲಿ ಐದು ಟಿಎಂಸಿ ಅಂದರೆ ಸಣ್ಣ ಮಾತಲ್ಲ. ನಿಮ್ಮ ಮಾಡೆಲ್‌ಗೆ ಯಾವುದನ್ನು ಹಾಕುತ್ತೀರಿ? 'ಸರಿಯಾದದ್ದು' ಯಾವುದು ಅಂತ ನೀವು ತೀರ್ಪು ಕೊಡಲು ಹೋದರೆ ಒಬ್ಬರು ಎದ್ದು ಹೋಗುತ್ತಾರೆ. ಎರಡನ್ನೂ ಹಾಕಿ ಓಡಿಸಿ. ನಿಮ್ಮ ಪ್ರಶ್ನೆ ಸೇತುವೆ ಯಾವಾಗ ಬಂದ್ ಆಗುತ್ತದೆ ಅನ್ನುವುದಾದರೆ ಮುಖ್ಯವಾದದ್ದು ಹೊರಹರಿವು. ತುಂಬಿದ ಡ್ಯಾಂಗೆ ಬಂದಷ್ಟು ನೀರನ್ನೂ ಬಿಡಲೇಬೇಕಾದ ದಿನ ಆ ಐದು ಟಿಎಂಸಿಯಿಂದ ಉತ್ತರ ಹೆಚ್ಚು ಬದಲಾಗಲ್ಲ. ಎರಡನೇ ಬೆಳೆಗೆ ನೀರು ಸಾಕಾ ಅನ್ನುವುದು ಪ್ರಶ್ನೆಯಾದರೆ ಬದಲಾಗುತ್ತದೆ. ಅಂಕಿ ಬಗ್ಗೆ ಜಗಳ ಬಂದಾಗಲೆಲ್ಲ ಮೊದಲು ನೋಡಬೇಕಾದದ್ದು ಅದು ನಮ್ಮ ತೀರ್ಮಾನವನ್ನು ಬದಲಿಸುತ್ತದಾ ಅಂತ. ಬದಲಿಸದಿದ್ದರೆ ಜಗಳವನ್ನು ಪಕ್ಕಕ್ಕಿಟ್ಟು ಮುಂದೆ ಹೋಗಿ. ಬದಲಿಸಿದರೆ ಮಾತ್ರ ಕೂತು ಬಗೆಹರಿಸಿ.

ಗಡಿಯ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. 'ಕೊಪ್ಪಳ ಜಿಲ್ಲೆಯ ಮಾಡೆಲ್' ಅಂತ ಜಿಲ್ಲೆಯ ಗೆರೆಗೆ ಕತ್ತರಿಸಿದರೆ ಅದು ಕೆಲಸಕ್ಕೆ ಬರಲ್ಲ. 2024ರ ಆಗಸ್ಟ್ 10ರ ರಾತ್ರಿ ಡ್ಯಾಂನ 19ನೇ ಗೇಟಿನ ಚೈನ್ ಲಿಂಕ್ ತುಂಡಾಗಿ ಗೇಟು ಕೊಚ್ಚಿಹೋಯಿತಲ್ಲ, ಆಗ ಯಾರ್ಯಾರು ಬೇಕಾದರು ನೋಡಿ. ಡ್ಯಾಂ ನಿಂತಿರುವುದು ಹೊಸಪೇಟೆಯಲ್ಲಿ, ಈಗಿನ ವಿಜಯನಗರ ಜಿಲ್ಲೆ. ನಿರ್ವಹಣೆ ತುಂಗಭದ್ರಾ ಮಂಡಳಿಯದು. ನೀರಿನ ಪಾಲು ಕರ್ನಾಟಕ, ಆಂಧ್ರ, ತೆಲಂಗಾಣದ್ದು. ಎಚ್ಚರಿಕೆ ಹೋಗಬೇಕಾದದ್ದು ಕೊಪ್ಪಳ, ಬಳ್ಳಾರಿ, ರಾಯಚೂರು, ಮುಂದೆ ಕರ್ನೂಲಿನ ನದಿದಂಡೆಗೆ. ಗೇಟು ತಜ್ಞ ಕನ್ನಯ್ಯ ನಾಯ್ಡು ಬಂದರು. ಗೇಟಿನ ಜಾಗಕ್ಕೆ ಇಳಿಸುವ ಸ್ಟಾಪ್‌ಲಾಗ್ ತುಂಡುಗಳನ್ನು ಸುತ್ತಲಿನ ವರ್ಕ್‌ಶಾಪ್‌ಗಳಲ್ಲೂ ಜಿಂದಾಲ್‌ನಲ್ಲೂ ಮಾಡಿಸಿದರು. ಮೊದಲು ಸುಮಾರು 60 ಟಿಎಂಸಿ ಖಾಲಿ ಮಾಡಬೇಕು ಅನ್ನುವ ಮಾತಿತ್ತು. ಕೊನೆಗೆ ನೀರು ಹರಿಯುತ್ತಿರುವಾಗಲೇ ಒಂದೊಂದೇ ತುಂಡು ಇಳಿಸಿ ಆಗಸ್ಟ್ 17ಕ್ಕೆ ಮುಚ್ಚಿದರು. ಲಕ್ಷ ಕ್ಯೂಸೆಕ್ ಒಂದು ದಿನ ಹರಿದರೆ 8.64 ಟಿಎಂಸಿ. ಈ ಲೆಕ್ಕ ಹಾಕಿದರೆ ಒಂದೊಂದು ದಿನ ಮೊದಲೇ ಮುಚ್ಚಿದ್ದರ ಬೆಲೆ ಎಷ್ಟು ಅಂತ ತಿಳಿಯುತ್ತದೆ. 33 ಗೇಟುಗಳನ್ನೂ ಬದಲಿಸಬೇಕು ಅಂತ ತೀರ್ಮಾನವಾಗಿ, 2025ರ ಮಳೆಗಾಲದಲ್ಲಿ ಡ್ಯಾಂ ಪೂರ್ತಿ ತುಂಬಿಸದೆ 80 ಟಿಎಂಸಿ ಆಸುಪಾಸಿಗೆ ನಿಲ್ಲಿಸಿದರು. ಅದರ ಬಿಸಿ ಎರಡನೇ ಬೆಳೆಯ ರೈತರಿಗೆ, ಅಲ್ಲಿಂದ ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್‌ಮಿಲ್‌ಗಳಿಗೆ. ಒಂದು ಚೈನಿನಿಂದ ಹೊರಟ ಗೆರೆ ಎಲ್ಲಿಗೆ ಹೋಯಿತು! ಜಿಲ್ಲೆಯ ಗೆರೆ ಅದಕ್ಕೆ ಎಲ್ಲೂ ಅಡ್ಡ ಬರಲಿಲ್ಲ.

ರಾಯಚೂರಿನದು ಇನ್ನೂ ದೊಡ್ಡ ಕಥೆ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದಲ್ಲಿ ಗ್ರಿಡ್ ಬಿದ್ದು, ಎರಡನೇ ದಿನ ಪೂರ್ವ, ಈಶಾನ್ಯಕ್ಕೂ ಹಬ್ಬಿ ಸುಮಾರು 60 ಕೋಟಿ ಜನ ವಾಸಿಸುವ ಪ್ರದೇಶಕ್ಕೆ ಕರೆಂಟು ಇಲ್ಲವಾಯಿತು. ದಕ್ಷಿಣದ ಗ್ರಿಡ್ ಬೀಳಲಿಲ್ಲ. ಆಗ ದಕ್ಷಿಣದ ಗ್ರಿಡ್ ಉಳಿದ ದೇಶದ ಜೊತೆ ಒಂದೇ ತಾಳದಲ್ಲಿ ಓಡುತ್ತಿರಲಿಲ್ಲ, ನೇರ ವಿದ್ಯುತ್ತಿನ (ಡೈರೆಕ್ಟ್ ಕರೆಂಟ್) ಲೈನ್‌ಗಳ ಮೂಲಕ ಮಾತ್ರ ಸಂಪರ್ಕ ಇತ್ತು. 2013ರ ಡಿಸೆಂಬರ್ 31ರಂದು 765 ಕೆವಿಯ ರಾಯಚೂರು–ಸೊಲ್ಲಾಪುರ ಲೈನ್ ಚಾಲೂ ಆಯಿತು, ದೇಶ ಒಂದೇ ಗ್ರಿಡ್ ಆಯಿತು. ಕೊರತೆ ಬಂದಾಗ ಆ ಕಡೆಯಿಂದ ವಿದ್ಯುತ್ ತರಿಸಬಹುದು, ಆ ಕಡೆಯ ಏರುಪೇರೂ ಇಲ್ಲಿಗೆ ಬರಬಹುದು. ಪಕ್ಕದಲ್ಲೇ ಶಕ್ತಿನಗರದ 1,720 ಮೆಗಾವ್ಯಾಟ್ ಸ್ಥಾವರ. ಅದಕ್ಕೆ ಕೃಷ್ಣೆಯ ನೀರು ಬೇಕು, ರೈಲಿನಲ್ಲಿ ಕಲ್ಲಿದ್ದಲು ಬೇಕು. ರೈಲಿಗೆ ಕರೆಂಟು ಬೇಕು, ನೀರೆತ್ತಲೂ ಕರೆಂಟು ಬೇಕು. ಗೆರೆ ಸುತ್ತಿ ಬಂದು ತನ್ನ ಬಾಲವನ್ನೇ ಹಿಡಿಯುತ್ತದೆ.

ಹಾಗಂತ ಸೊಲ್ಲಾಪುರವನ್ನೂ ಮಾಡೆಲ್‌ಗೆ ಸೇರಿಸಬೇಡಿ, ಮುಗಿಯುವುದೇ ಇಲ್ಲ. ಹೊರಗಿನದನ್ನು ಒಂದು ಡಬ್ಬಿಯಾಗಿ ಬರೆಯಿರಿ: 'ಗ್ರಿಡ್ ಇದೆ ಅಥವಾ ಇಲ್ಲ', 'ಹೊರಹರಿವು ಇಷ್ಟು ಕ್ಯೂಸೆಕ್'. ಡಬ್ಬಿಯೊಳಗೆ ಏನು ನಡೆಯುತ್ತದೆ ಅನ್ನುವುದು ಬೇರೆಯವರ ಕೆಲಸ. ಆದರೆ ಪ್ರತಿ ಡಬ್ಬಿಗೂ ಅದರ ಸುದ್ದಿ ಮೊದಲು ಕೊಡುವ ಒಬ್ಬ ಮನುಷ್ಯ ಯಾರು ಅನ್ನುವುದನ್ನು ಬರೆದಿಡಿ. ಕಂಪ್ಲಿ ವಿಷಯದಲ್ಲಂತೂ ಬಳ್ಳಾರಿ ಕಡೆಯವರು ಮೊದಲ ದಿನದಿಂದಲೇ ಮೇಜಿನಲ್ಲಿ ಇರಲಿ. ನಿಮ್ಮ ಮಾಡೆಲ್ ಮುಗಿಸಿ ಆಮೇಲೆ ತೋರಿಸಿದರೆ ಅದು ಅವರ ಪಾಲಿಗೆ ಕೊಪ್ಪಳದವರ ವರದಿ, ಅಷ್ಟೇ.

ಇದರ ಜೊತೆಗೇ, 'ನಮಗೆ ಎರಡು ಮೂಲ ಇದೆ' ಅನ್ನುವ ಮಾತನ್ನು ಯಾರು ಹೇಳಿದರೂ ಒಮ್ಮೆ ಕೆದಕಿ. ರಾಯಚೂರು ನಗರಕ್ಕೆ ನೀರು ಕೃಷ್ಣೆಯಿಂದಲೂ ಬರುತ್ತದೆ, ಎಡದಂಡೆ ಕಾಲುವೆಯಿಂದ ತುಂಬುವ ರಾಂಪುರ ಕೆರೆಯಿಂದಲೂ ಬರುತ್ತದೆ. ಎರಡು ನದಿ, ಎರಡು ದಾರಿ, ಒಳ್ಳೆಯದೇ. ಆದರೆ ಇಂಥ ಯಾವ ಊರಿನಲ್ಲೇ ಆಗಲಿ ಕೇಳಬೇಕಾದ್ದು ಇದು: ಎರಡೂ ಪಂಪುಗಳಿಗೆ ಕರೆಂಟು ಒಂದೇ ಸ್ಟೇಷನ್‌ನಿಂದ ಬರುತ್ತದಾ? ಎರಡನ್ನೂ ರಿಪೇರಿ ಮಾಡುವ ಗುತ್ತಿಗೆದಾರ ಒಬ್ಬನೇನಾ? ಆಲಂ, ಕ್ಲೋರಿನ್ ಒಂದೇ ಗೋದಾಮಿನಿಂದ ಬರುತ್ತದಾ?

ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳಲ್ಲ. ನಕ್ಷೆಗೆ ಕ್ಯೂಜಿಐಎಸ್ ಸಾಕು, ಉಚಿತ. ಅವಲಂಬನೆಗೆ ಒಂದು ಸ್ಪ್ರೆಡ್‌ಶೀಟ್. ಒಂದು ಸಾಲು ಒಂದು ಗೆರೆ: ಯಾವುದು, ಯಾವುದರ ಮೇಲೆ, ಎಷ್ಟು ತಾಸು ತಡೆಯುತ್ತದೆ, ಯಾರು ಹೇಳಿದರು, ಯಾವ ತಾರೀಖು, ಎಷ್ಟು ಖಾತ್ರಿ. ಅದನ್ನು ಪೈಥಾನ್‌ನಲ್ಲಿ ಜಾಲವಾಗಿ ಓಡಿಸುವುದು ನಿಮ್ಮ ಕಂಪ್ಯೂಟರ್ ಸೈನ್ಸ್ ವಿಭಾಗದ ಹುಡುಗರಿಗೆ ದೊಡ್ಡ ಕೆಲಸವಲ್ಲ. ಲಕ್ಷಗಟ್ಟಲೆ ಕೊಟ್ಟು ಮೂರು ಆಯಾಮದ ಬಣ್ಣಬಣ್ಣದ ತಂತ್ರಾಂಶ ಕೊಳ್ಳುವ ಮಾತು ಯಾರಾದರೂ ಎತ್ತಿದರೆ, ಅದರೊಳಗೆ ಹಾಕಲು ಇನ್ನೂರು ಸಾಲು ಖಾತ್ರಿ ಮಾಹಿತಿ ಇದೆಯಾ ಅಂತ ಕೇಳಿ ನೋಡಿ.

ಮಾಡೆಲ್ ನಂಬಬಹುದಾ ಅಂತ ನೋಡಲು ಹಳೆಯ ಘಟನೆಗಳನ್ನು ಓಡಿಸಿ. 2009ರ ಅಕ್ಟೋಬರ್ ಮೊದಲ ವಾರದ ಪ್ರವಾಹ ಇದೆ. 2019ರ ಆಗಸ್ಟ್‌ನಲ್ಲಿ ವಿರೂಪಾಪುರ ಗಡ್ಡಿಯಲ್ಲಿ ಪ್ರವಾಸಿಗರು ಸಿಕ್ಕಿಹಾಕಿಕೊಂಡದ್ದು ಇದೆ. 2024ರ ಗೇಟಿನ ವಾರ ಇದೆ. ಆ ದಿನಗಳ ಹೊರಹರಿವು ಹಾಕಿದರೆ ನಿಮ್ಮ ಮಾಡೆಲ್ ಆಗ ನಿಜವಾಗಿ ಬಂದ್ ಆದ ರಸ್ತೆಗಳನ್ನೇ ಬಂದ್ ಅಂತ ತೋರಿಸಬೇಕು. ತೋರಿಸದಿದ್ದರೆ ಆ ಹಾಳೆಯನ್ನು ಹಿಡಿದು ಮತ್ತೆ ಅದೇ ಜನರ ಬಳಿ ಹೋಗಿ. 'ನಮ್ಮ ಲೆಕ್ಕ ತಪ್ಪುತ್ತಿದೆ, ಎಲ್ಲಿ ಅಂತ ಹೇಳಿ' ಅಂದರೆ ಜನ ಖುಷಿಯಿಂದ ತಿದ್ದುತ್ತಾರೆ. ಪೂರ್ತಿ ಸರಿ ಇರುವ ವರದಿಯನ್ನು ಯಾರೂ ಓದಲ್ಲ, ತಪ್ಪಿರುವ ನಕ್ಷೆಯನ್ನು ಎಲ್ಲರೂ ಬಗ್ಗಿ ನೋಡುತ್ತಾರೆ. ನನ್ನ ಮಟ್ಟಿಗೆ ಸಹಕಾರ ಶುರುವಾಗುವ ಘಳಿಗೆ ಅದು.

ವಿದ್ಯಾರ್ಥಿಗಳಿಗೆ ಕೊಡಬೇಕಾದ ಕೆಲಸವೂ ಇಲ್ಲೇ ಇದೆ. ಕೊನೆಯ ವರ್ಷದ ಪ್ರಾಜೆಕ್ಟ್ ಅಂತ ಇಬ್ಬಿಬ್ಬರಿಗೆ ಒಂದು ಸ್ಥಳ ಹಂಚಿ: ಒಂದು ಜಾಕ್‌ವೆಲ್, ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಒಂದು ಬಂಕ್. ಅಲ್ಲಿ ಹೋಗಿ ಕೂತು, ಆ ಜಾಗ ನಡೆಯಲು ಹೊರಗಿನಿಂದ ಏನೇನು ಬರಬೇಕು ಅಂತ ಬರೆದುಕೊಂಡು ಬರಲಿ. ಜನರೇಟರ್ ಇದೆ ಅಂದರೆ ಒಮ್ಮೆ ಸ್ಟಾರ್ಟ್ ಮಾಡಿ ತೋರಿಸಿ ಅಂತ ವಿನಯವಾಗಿ ಕೇಳಲಿ. ಅದರಿಂದ ಹೊರಟ ಕೇಬಲ್ ಯಾವ ಯಾವ ಕೋಣೆಗೆ ಹೋಗುತ್ತದೆ ಅಂತ ಕಣ್ಣಾರೆ ನೋಡಲಿ. ಹುಡುಗರು ಕೇಳಿದರೆ ಜನ ಹೇಳುತ್ತಾರೆ, ತನಿಖೆ ಅಂತ ಹೆದರಲ್ಲ. ಹೋಗುವಾಗ ಕಾಲೇಜಿನ ಪತ್ರ ಇರಲಿ, ಫೋಟೋ ತೆಗೆಯುವ ಮುಂಚೆ ಕೇಳಲಿ, ಕೆಂಪು ಬಣ್ಣದ ಮಾತನ್ನು ವಾಟ್ಸ್ಆ್ಯಪ್‌ಗೆ ಹಾಕದಿರಲಿ.

ಇನ್ನು ಉಳಿದದ್ದು ಈ ಪಟ್ಟಿ ಯಾರದು ಅನ್ನುವುದು. ಡಿಸಿ ವರ್ಗವಾಗುತ್ತಾರೆ, ಎಇಇ ವರ್ಗವಾಗುತ್ತಾರೆ, ನಿಮ್ಮ ವಿದ್ಯಾರ್ಥಿಗಳು ಪಾಸಾಗಿ ಬೆಂಗಳೂರಿಗೆ ಹೋಗುತ್ತಾರೆ. ವರ್ಷ ಕಳೆದರೆ ಅರ್ಧ ಫೋನ್ ನಂಬರ್ ಸುಳ್ಳಾಗುತ್ತವೆ. ನನ್ನ ಸಲಹೆ, ಪಟ್ಟಿ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಹೆಸರಿನಲ್ಲಿ ಇರಲಿ, ಆದರೆ ಪ್ರತಿ ಸಾಲಿಗೂ ಒಬ್ಬ ಹೊಣೆಗಾರ ಇರಲಿ, ಅದು ಹೆಸರಿನಿಂದ ಅಲ್ಲ, ಹುದ್ದೆಯಿಂದ. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ, ಮುಂಗಾರು ಸಿದ್ಧತೆಯ ಸಭೆ ಹೇಗೂ ನಡೆಯುತ್ತದೆ, ಅಲ್ಲೇ ಅರ್ಧ ದಿನ ಈ ಹಾಳೆಗೆ ತೆಗೆದಿಡಿ. ಹೊಸ ಸಭೆ ಹುಟ್ಟಿಸಿದರೆ ಎರಡನೇ ವರ್ಷಕ್ಕೆ ಸಾಯುತ್ತದೆ. ನೀರು ಬಂದ ಮೇಲೆ ಹಾಳೆ ಹುಡುಕಿದರೆ ಯುದ್ಧಕಾಲೇ ಶಸ್ತ್ರಾಭ್ಯಾಸ.

ಸದ್ಯಕ್ಕೆ ಕಂಪ್ಲಿ ಸೇತುವೆಯ ಎರಡೂ ದಡಕ್ಕೆ ಸೇರಿ ಒಂದು ಮೂವತ್ತು ಸಾಲು ಮಾಡಿ. 'ಎಷ್ಟು ಖಾತ್ರಿ' ಅನ್ನುವ ಕಾಲಂನಲ್ಲಿ 'ಗೊತ್ತಿಲ್ಲ' ಅಂತ ಬಂದ ಸಾಲುಗಳನ್ನು ಅಳಿಸಬೇಡಿ, ಹಾಗೇ ಬಿಡಿ. ಮುಂದಿನ ಸಭೆಗೆ ಯಾರನ್ನು ಕರೆಯಬೇಕು ಅನ್ನುವ ಪಟ್ಟಿ ನಿಮಗೆ ಅಲ್ಲಿಂದಲೇ ಸಿಗುತ್ತದೆ.